ರವಿವಾರದ ಬಸ್ಸಿನ ಗಣಿತ

ವರ್ಷವೊಂದರಲ್ಲಿ ೫೨ ರವಿವಾರಗಳು. ಕರ್ನಾಟಕದ ಸರಕಾರಿ ಕಚೇರಿಗಳಿಗೆ ಎರಡನೆಯ ಶನಿವಾರದೊಡನೆ ೨೦೧೯ರಿಂದ ನಾಲ್ಕನೆಯ ಶನಿವಾರವೂ ಬಿಡುವಾಗಿರುವುದರಿಂದ ಇನ್ನೂ ೨೪ ದಿನಗಳು. ಯುಗಾದಿ, ರಂಜಾನ್, ದೀಪಾವಳಿ, ಕ್ರಿಸ್‌ಮಸ್, ಗಣರಾಜ್ಯೋತ್ಸವ ಮೊದಲಾದ ಸಾರ್ವತ್ರಿಕ ರಜೆಗಳನ್ನು ಇವಕ್ಕೆ ಕೂಡಿಸಿದರೆ ಮೊತ್ತವು ತೊಂಬತ್ತನ್ನು ದಾಟುತ್ತದೆ. ಅಂದರೆ ವರ್ಷದ ಕಾಲುಭಾಗವು ಒಂದಲ್ಲ ಒಂದು ಬಗೆಯ ಸೂಟಿಯೇ ಆಯಿತು. ಈ ಕಾಲುಭಾಗದಲ್ಲಿ ದೊಡ್ಡ ಊರುಗಳ ಬಸ್ಸುಗಳು ಎಂದಿನಂತೆ ಓಡುವುದಿಲ್ಲವೆಂಬುದನ್ನು ಬೆಂಗಳೂರಿನಲ್ಲಾಗಲಿ ಬೆಳಗಾವಿಯಲ್ಲಾಗಲಿ ರಜೆಯ ದಿನ ನಿಲ್ದಾಣದಲ್ಲಿ ನಿಂತವರೆಲ್ಲರೂ ಬಲ್ಲರು. "ಇವತ್ತ ಸೂಟಿ ಐತ್ರಿ, ಆ ಗಾಡಿ ಬರೂದಿಲ್ಲ" ಎಂಬ ಒಂದೇ ಮಾತಿನಲ್ಲಿ ಅಂದಿನ ವಿಚಾರಣೆಯು ಮುಗಿದುಹೋಗುತ್ತದೆ.

ರಜೆಯ ದಿನ ಪ್ರಯಾಣಿಕರು ಕಡಿಮೆ. ಆದುದರಿಂದ ಬಸ್ಸುಗಳೂ ಕಡಿಮೆ. ಮೇಲ್ನೋಟಕ್ಕೆ ಇದು ನಿರ್ವಿವಾದವಾದ ಮಾತು. ಆದರೆ ಎಷ್ಟು ಕಡಿಮೆ ಮಾಡಬೇಕು? ಯಾವ ಬಸ್ಸನ್ನು ನಿಲ್ಲಿಸಬೇಕು? ಉಳಿದವನ್ನು ಯಾವ ಹೊತ್ತಿಗೆ ಬಿಡಬೇಕು? ಈ ಪ್ರಶ್ನೆಗಳಿಗೆ ಗಣಿತವು ಕೊಡುವ ಉತ್ತರಗಳು ನಮ್ಮ ಸಾಮಾನ್ಯ ಊಹೆಗಿಂತ ಬೇರೆಯಾಗಿವೆ. ಅವುಗಳನ್ನು ತಿಳಿಯಲು ಪ್ರೌಢಶಾಲೆಯಲ್ಲಿ ಕಲಿತ ಗಣಿತವೇ ಸಾಕು.

ಮೊದಲು ರವಿವಾರದ ವಿಚಾರವನ್ನೇ ನೋಡೋಣ. ಈ ಬಿಡುವು ನಮ್ಮ ಹಳ್ಳಿಗಳ ಹಳೆಯ ಪದ್ಧತಿಯಲ್ಲ. ಘಟಪ್ರಭೆಯ ಸೀಮೆಯ ಒಕ್ಕಲು ಮಕ್ಕಳು ವಾರವನ್ನು ಎಣಿಸುತ್ತಿದ್ದುದು ಸಂತೆಯಿಂದ. ಎತ್ತಿನ ಹೆಗಲಿಗೆ ಬಿಡುವು ಸೋಮವಾರ, ಮನುಷ್ಯನಿಗೆ ಅಮಾವಾಸ್ಯೆ. ರವಿವಾರದ ರಜೆ ಬಂದುದು ಗಿರಣಿಯ ಭೋಂಗಾದ ಜೊತೆಯಲ್ಲಿ. ಗೋಕಾಕ ಜಲಪಾತದ ಬಳಿಯ ನೂಲಿನ ಗಿರಣಿಯು ೧೮೮೫ರಲ್ಲಿ ಸ್ಥಾಪಿತವಾಯಿತು. ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದ ಫಲವಾಗಿ ಮುಂಬಯಿಯ ಗಿರಣಿ ಕಾರ್ಮಿಕರು ವಾರದ ರಜೆಯನ್ನು ಪಡೆದುದು ೧೮೯೦ರಲ್ಲಿ. ಮರುವರ್ಷದ ಕಾರ್ಖಾನೆ ಕಾಯಿದೆಯಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಸ್ವತಂತ್ರ ಭಾರತದ ೧೯೪೮ರ ಕಾರ್ಖಾನೆ ಕಾಯಿದೆಯು ವಾರದ ಮೊದಲನೆಯ ದಿನವನ್ನು, ಎಂದರೆ ರವಿವಾರವನ್ನು, ಬಿಡುವಿನ ದಿನವೆಂದು ನಿಗದಿಮಾಡಿತು.

ನಗರದ ಬಸ್ಸುಗಳು ಬೆಳೆದುದು ಇದೇ ಗಡಿಯಾರಕ್ಕೆ ಹೊಂದಿಕೊಂಡು. ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯು ೧೯೪೦ರಲ್ಲಿ ೯೮ ಬಸ್ಸುಗಳೊಡನೆ ಆರಂಭವಾಯಿತು. ೧೯೫೬ರಲ್ಲಿ ಅದು ಸರಕಾರದ ವಶಕ್ಕೆ ಬಂದಿತು. ಹಿಂದೂಸ್ಥಾನ್ ವಿಮಾನ ಕಾರ್ಖಾನೆ ೧೯೪೦ರಲ್ಲಿ, ದೂರವಾಣಿ ಕಾರ್ಖಾನೆ ೧೯೪೮ರಲ್ಲಿ, ಯಂತ್ರೋಪಕರಣಗಳ ಕಾರ್ಖಾನೆ ೧೯೫೩ರಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್ ೧೯೫೪ರಲ್ಲಿ ತಲೆಯೆತ್ತಿದ ನಗರ ಅದು. ಬೆಳಗ್ಗೆ ಒಂದು ದಿಕ್ಕಿಗೆ ಹರಿದ ಜನಪ್ರವಾಹವು ಸಂಜೆ ಇನ್ನೊಂದು ದಿಕ್ಕಿಗೆ ಹರಿಯುತ್ತಿತ್ತು. ರವಿವಾರ ಅದು ಬತ್ತುತ್ತಿತ್ತು. ವೇಳಾಪಟ್ಟಿಯನ್ನು ಕೆಲಸದ ದಿನಕ್ಕೆ ರಚಿಸಿ, ಅದರಿಂದ ಕೆಲವು ಬಸ್ಸುಗಳನ್ನು ಕಳೆದು ರವಿವಾರದ ಪಟ್ಟಿಯನ್ನು ಮಾಡುವ ಅಭ್ಯಾಸಕ್ಕೆ ಇದು ಹಿನ್ನೆಲೆ. ಅಂದಿಗೆ ಅದು ತಪ್ಪೆನಿಸಲಿಲ್ಲ.

ಇಂದು ರವಿವಾರ ಮನೆಬಿಟ್ಟು ಹೊರಡುವವರು ಬೇರೆ ಜನ. ಆಸ್ಪತ್ರೆಯ ದಾದಿಯರು, ಹೋಟೆಲಿನವರು, ಕಾವಲುಗಾರರು, ಅಂಗಡಿಯ ಕೆಲಸದವರು, ಕಾಯಿಪಲ್ಲೆ ಮಾರುವವರು. ಲಗ್ನಕ್ಕೆ ಹೊರಟ ಸಂಸಾರಗಳು. ಇವೆಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಓದುಗರಾದ ವಿದ್ಯಾರ್ಥಿಗಳು. ದೊಡ್ಡ ಪರೀಕ್ಷೆಗಳಿಗೆ ಶಾಲಾಕಾಲೇಜುಗಳ ಕೊಠಡಿಗಳು ಬೇಕು. ಅವು ಬರಿದಾಗಿರುವುದು ರವಿವಾರ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯು ನಡೆದ ೨೦೨೩ರ ಮೇ ೭, ೨೦೨೪ರ ಮೇ ೫, ೨೦೨೫ರ ಮೇ ೪ ಇವು ಮೂರೂ ರವಿವಾರಗಳೇ. ನೌಕರಿಗಾಗಿ ನಡೆಯುವ ಸ್ಪರ್ಧಾಪರೀಕ್ಷೆಗಳೂ ಹೆಚ್ಚಾಗಿ ಶನಿವಾರ, ರವಿವಾರಗಳಂದೇ ಬರುತ್ತವೆ. ಬಸ್ಸುಗಳು ತೆಳುವಾಗುವ ದಿನವನ್ನೇ ಆರಿಸಿ ನಾವು ಸಾವಿರಾರು ಮಕ್ಕಳನ್ನು ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಬಡಾವಣೆಗೆ ಕರೆಯುತ್ತೇವೆ.

"ಆದರೂ ರವಿವಾರದ ಟಿಕೇಟುಗಳ ಸಂಖ್ಯೆ ಕಡಿಮೆಯೇ ಇದೆಯಲ್ಲ?" ಎಂದು ಕೇಳಬಹುದು. ಇಲ್ಲೊಂದು ಸೂಕ್ಷ್ಮವುಂಟು. ನಿರ್ವಾಹಕನ ಕೈಯಲ್ಲಿರುವ ಟಿಕೇಟಿನ ಯಂತ್ರವು ಬಸ್ಸನ್ನು ಹತ್ತಿದವರನ್ನು ಮಾತ್ರ ಎಣಿಸುತ್ತದೆ. ಅರ್ಧ ಗಂಟೆ ಕಾದು ರಿಕ್ಷಾ ಹಿಡಿದವನನ್ನು, ಬಸ್ಸು ಸಿಗಲಾರದೆಂದು ಮನೆಯಲ್ಲೇ ಉಳಿದವಳನ್ನು ಅದು ಎಣಿಸಲಾರದು. ಬಾವಿಗೆ ಹಗ್ಗ ಮುಟ್ಟದಿದ್ದಾಗ ಬಾವಿಯಲ್ಲಿ ನೀರೇ ಇಲ್ಲವೆಂದು ತೀರ್ಮಾನಿಸಿದಂತೆ ಇದು. ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆಯು ಜಾರಿಗೆ ಬಂದು ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತೊಡನೆ ಧರ್ಮಸ್ಥಳವೇ ಮೊದಲಾದ ಕ್ಷೇತ್ರಗಳ ಬಸ್ಸುಗಳಲ್ಲಿ ರಜೆಯ ದಿನಗಳಂದು ಕಾಲಿಡಲು ಎಡೆಯಿಲ್ಲದಂತಾಯಿತು. ಆ ಜನರೆಲ್ಲ ಜೂನ್ ತಿಂಗಳಲ್ಲಿ ಹೊಸದಾಗಿ ಹುಟ್ಟಿದವರಲ್ಲ. ಹೋಗಬೇಕೆಂಬ ಬಯಕೆ ಮೊದಲೇ ಇದ್ದಿತು. ಅದು ಲೆಕ್ಕಕ್ಕೆ ಬಂದಿರಲಿಲ್ಲ ಅಷ್ಟೆ.

ಇದನ್ನು ಬದಿಗಿಟ್ಟು, ರವಿವಾರದ ಪ್ರಯಾಣಿಕರು ನಿಜವಾಗಿಯೂ ಕಡಿಮೆಯೆಂದೇ ಒಪ್ಪಿಕೊಳ್ಳೋಣ. ಪ್ರಯಾಣಿಕರು ಅರ್ಧಕ್ಕಿಳಿದರೆ ಬಸ್ಸುಗಳನ್ನೂ ಅರ್ಧಕ್ಕಿಳಿಸುವುದು ಸರಿಯೇ?

ಒಂದು ಮಾರ್ಗದಲ್ಲಿ ಗಂಟೆಗೆ 'ಪ' ಪ್ರಯಾಣಿಕರು ಬರುತ್ತಾರೆ, 'ಬ' ಬಸ್ಸುಗಳು ಸಮಾನವಾದ ಅಂತರದಲ್ಲಿ ಹೊರಡುತ್ತವೆ ಎಂದಿಟ್ಟುಕೊಳ್ಳೋಣ. ಎರಡು ಬಸ್ಸುಗಳ ನಡುವಣ ಅಂತರ ೧/ಬ ಗಂಟೆ. ಪ್ರಯಾಣಿಕನು ಈ ಅಂತರದ ಯಾವ ಕ್ಷಣದಲ್ಲಾದರೂ ಬರಬಹುದಾದುದರಿಂದ ಸರಾಸರಿ ಕಾಯುವ ಹೊತ್ತು ಅದರ ಅರ್ಧ, ಅಂದರೆ ೧/೨ಬ ಗಂಟೆ. ಎಲ್ಲರೂ ಸೇರಿ ಕಾಯುವ ಹೊತ್ತು ಪ/೨ಬ. ಒಂದು ಬಸ್ಸನ್ನು ಓಡಿಸುವ ಖರ್ಚನ್ನು 'ಖ' ಎಂದೂ, ಒಬ್ಬ ಪ್ರಯಾಣಿಕನ ಒಂದು ಗಂಟೆಯ ಮೌಲ್ಯವನ್ನು 'ಮ' ಎಂದೂ ಕರೆದರೆ, ಸಮಾಜವು ತೆರುವ ಒಟ್ಟು ಬೆಲೆ ಎರಡು ಪದಗಳ ಮೊತ್ತವಾಗುತ್ತದೆ: ಬಖ + ಪಮ/೨ಬ. ಬಸ್ಸುಗಳನ್ನು ಹೆಚ್ಚಿಸಿದರೆ ಮೊದಲನೆಯ ಪದವು ಬೆಳೆಯುತ್ತದೆ. ಕಡಿಮೆ ಮಾಡಿದರೆ ಎರಡನೆಯದು ಬೆಳೆಯುತ್ತದೆ. ಆದರೆ ಈ ಎರಡು ಪದಗಳನ್ನು ಗುಣಿಸಿ ನೋಡಿರಿ: ಗುಣಲಬ್ಧವು ಖಪಮ/೨. ಅದರಲ್ಲಿ 'ಬ' ಎಂಬುದೇ ಇಲ್ಲ! ಗುಣಲಬ್ಧವು ಸ್ಥಿರವಾಗಿರುವ ಎರಡು ಸಂಖ್ಯೆಗಳ ಮೊತ್ತವು ಅವು ಸಮನಾದಾಗ ಅತ್ಯಂತ ಕಡಿಮೆಯಾಗಿರುತ್ತದೆಂಬುದನ್ನು ನೀವು ಕಲಿತಿದ್ದೀರಿ. ಎರಡನ್ನೂ ಸಮನಾಗಿಸಿದರೆ ಬ² = ಪಮ/೨ಖ ಎಂದು ದೊರೆಯುತ್ತದೆ. ಎಂದರೆ ಬಸ್ಸುಗಳ ಸಂಖ್ಯೆಯು ಪ್ರಯಾಣಿಕರ ಸಂಖ್ಯೆಯನ್ನು ಅನುಸರಿಸಬಾರದು, ಅದರ ವರ್ಗಮೂಲವನ್ನು ಅನುಸರಿಸಬೇಕು.

ಅಮೆರಿಕೆಯ ಅರ್ಥಶಾಸ್ತ್ರಜ್ಞ ಹರ್ಬರ್ಟ್ ಮೋರಿಂಗ್ ಎಂಬವರು ೧೯೭೨ರಲ್ಲಿ ಪ್ರಕಟಿಸಿದ ಲೇಖನದಿಂದ ಈ ನಿಯಮವು ಪ್ರಸಿದ್ಧಿಗೆ ಬಂದಿತು. ಅದರಂತೆ ಪ್ರಯಾಣಿಕರು ಕಾಲುಭಾಗಕ್ಕೆ ಇಳಿದಾಗ ಬಸ್ಸುಗಳು ಅರ್ಧಕ್ಕೆ ಇಳಿಯಬೇಕು. ಪ್ರಯಾಣಿಕರು ಅರ್ಧಕ್ಕೆ ಇಳಿದಾಗ ನೂರಕ್ಕೆ ಎಪ್ಪತ್ತೊಂದು ಬಸ್ಸುಗಳು ಉಳಿಯಬೇಕು. ಕೆಲಸದ ದಿನ ಗಂಟೆಗೆ ಹನ್ನೆರಡು ಬಸ್ಸುಗಳಿದ್ದ ದಾರಿಯಲ್ಲಿ ರವಿವಾರ ಎಂಟಾದರೂ ಇರತಕ್ಕದ್ದು, ಆರಲ್ಲ. ಕೆಲಸದ ದಿನದ ಬೆಳಗಿನ ನೂಕುನುಗ್ಗಲಿಗೆ ಈ ಸೂತ್ರವು ಒಪ್ಪುವುದಿಲ್ಲವೆಂಬುದನ್ನೂ ಹೇಳಬೇಕು; ಆಗ ಬಸ್ಸುಗಳ ಸಂಖ್ಯೆಯನ್ನು ಗೊತ್ತುಪಡಿಸುವುದು ಕಾಯುವ ಹೊತ್ತಲ್ಲ, ಒಳಗಿನ ಜಾಗ. ಹೋಲಿಕೆಯನ್ನು ಕೆಲಸದ ದಿನದ ಮಧ್ಯಾಹ್ನದೊಡನೆ ಮಾಡುವುದು ನ್ಯಾಯ. ಇನ್ನೊಂದು ಮಾತು: 'ಮ'ದ ಬೆಲೆಯನ್ನು ಎಷ್ಟೆಂದು ಹಿಡಿಯಬೇಕೆಂಬುದು ಗಣಿತಕ್ಕೆ ಸೇರಿದ ಪ್ರಶ್ನೆಯಲ್ಲ. ಪ್ರಯಾಣಿಕನ ಹೊತ್ತಿಗೆ ಬೆಲೆಯೇ ಇಲ್ಲವೆಂದು 'ಮ'ವನ್ನು ಸೊನ್ನೆಯೆಂದು ಬಗೆದರೆ ಸೂತ್ರವು ವಿಧೇಯತೆಯಿಂದ ಬಸ್ಸುಗಳ ಸಂಖ್ಯೆಯನ್ನೂ ಸೊನ್ನೆಯೆಂದೇ ತಿಳಿಸುತ್ತದೆ!

ಈಗ ಹೆಚ್ಚು ಸ್ವಾರಸ್ಯವಾದ ಭಾಗಕ್ಕೆ ಬರೋಣ. ಬಸ್ಸುಗಳ ಸಂಖ್ಯೆಯಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚಾಗಿ, ಅವುಗಳ ನಡುವಣ ಬಿರುಕುಗಳು ಪ್ರಯಾಣಿಕನನ್ನು ಪೀಡಿಸುತ್ತವೆ.

ಹೋಗಿಬರಲು ಒಂದು ಗಂಟೆ ಹಿಡಿಯುವ ಮಾರ್ಗವೊಂದರಲ್ಲಿ ಆರು ಬಸ್ಸುಗಳು ಹತ್ತು ನಿಮಿಷಕ್ಕೊಂದರಂತೆ ಓಡುತ್ತಿರಲಿ: ೦, ೧೦, ೨೦, ೩೦, ೪೦, ೫೦ನೆಯ ನಿಮಿಷಗಳಲ್ಲಿ ಒಂದೊಂದು. ಘಟಕದಲ್ಲಿ ಪ್ರತಿಯೊಂದು ಬಸ್ಸಿನ ದಿನಚರಿಗೂ ಒಂದು ಅನುಸೂಚಿ ಇರುತ್ತದೆ. ಅವುಗಳಲ್ಲಿ ಕೆಲವು ಕಚೇರಿಯ ವೇಳೆಗೆಂದೇ ಇರುವ ಜನರಲ್ ಶಿಫ್ಟಿನವು. ರವಿವಾರ ಇಂಥ ಮೂರು ಅನುಸೂಚಿಗಳನ್ನು ರದ್ದುಮಾಡಿದರು, ಉಳಿದವನ್ನು ಮುಟ್ಟಲಿಲ್ಲ ಎಂದುಕೊಳ್ಳೋಣ. ರದ್ದಾದವು ೧೦, ೨೦, ೩೦ನೆಯ ನಿಮಿಷದವಾದರೆ ಉಳಿಯುವುದು ೦, ೪೦, ೫೦. ಅಂತರಗಳು ಕ್ರಮವಾಗಿ ೪೦, ೧೦, ೧೦ ನಿಮಿಷಗಳು. ನಿಮಿಷಕ್ಕೊಬ್ಬ ಪ್ರಯಾಣಿಕ ಬರುತ್ತಾನೆಂದರೆ, ದೊಡ್ಡ ಬಿರುಕಿನಲ್ಲಿ ಸಿಕ್ಕಿದ ೪೦ ಜನರು ಸರಾಸರಿ ೨೦ ನಿಮಿಷ ಕಾಯುತ್ತಾರೆ: ೮೦೦ ನಿಮಿಷ. ಸಣ್ಣ ಅಂತರಗಳ ಹತ್ತು ಹತ್ತು ಜನರು ಐದೈದು ನಿಮಿಷ: ೫೦ ಮತ್ತು ೫೦. ಒಟ್ಟು ೯೦೦, ತಲೆಗೆ ೧೫ ನಿಮಿಷ. ಅದೇ ಮೂರು ಬಸ್ಸುಗಳನ್ನು ೦, ೨೦, ೪೦ಕ್ಕೆ ಬಿಟ್ಟಿದ್ದರೆ ೬೦ ಜನರೂ ಸರಾಸರಿ ಹತ್ತು ನಿಮಿಷ ಕಾಯುತ್ತಿದ್ದರು. ಬಸ್ಸು ಮೂರೇ, ಡೀಸೆಲ್ ಅಷ್ಟೇ, ಚಾಲಕರು ಅವರೇ. ವ್ಯತ್ಯಾಸವಿರುವುದು ಕಾಗದದ ಮೇಲಿನ ಎರಡು ಅಂಕಿಗಳಲ್ಲಿ.

ಇದರ ಮುಂದಿನ ಪರಿಣಾಮವನ್ನು ಗಮನಿಸಿರಿ. ನಲವತ್ತು ನಿಮಿಷದ ಬಿರುಕಿನ ಬಳಿಕ ಬಂದ ಬಸ್ಸಿಗೆ ನಲವತ್ತು ಜನ ಮುತ್ತುತ್ತಾರೆ. ಅವರನ್ನು ಹತ್ತಿಸಿಕೊಳ್ಳುವುದರಲ್ಲಿ ಅದು ಮತ್ತಷ್ಟು ತಡವಾಗುತ್ತದೆ. ಬೆನ್ನಿಗೇ ಬರುವ ಎರಡು ಬಸ್ಸುಗಳಲ್ಲಿ ಹತ್ತತ್ತು ಜನ. ತಿಂಗಳ ಕೊನೆಗೆ ಲೆಕ್ಕವನ್ನು ನೋಡಿದವರಿಗೆ ಈ ಎರಡು ಬಸ್ಸುಗಳು ಬರಿದಾಗಿ ಓಡುತ್ತಿರುವಂತೆ ಕಾಣುವುದು ಸಹಜ. ಅವುಗಳಲ್ಲಿ ಒಂದನ್ನು ನಿಲ್ಲಿಸಿದರೆ ಬಿರುಕು ಇನ್ನೂ ಹಿಗ್ಗುತ್ತದೆ. ಬಿರುಕು ಹಿಗ್ಗಿದಂತೆ ಜನರು ಬಸ್ಸಿನ ಆಸೆಯನ್ನು ಬಿಡುತ್ತಾರೆ. ಮರುವರ್ಷದ ಲೆಕ್ಕದಲ್ಲಿ ರವಿವಾರದ ಪ್ರಯಾಣಿಕರು ಮತ್ತೂ ಕಡಿಮೆ. ರೋಗಿಯು ಕೃಶನಾಗಿದ್ದಾನೆಂದು ಅವನ ಗಂಜಿಯನ್ನು ಕಡಿಮೆ ಮಾಡುವ ವೈದ್ಯದಂತಿದೆ ಈ ಕ್ರಮ.

ಊರೊಳಗಿನ ಒಂದೇ ಬಸ್ಸಿನಲ್ಲಿ ಮುಗಿಯುವ ಪ್ರಯಾಣದ ಮಾತಾಯಿತು. ದೂರದಿಂದ ನಗರಕ್ಕೆ ಬರುವವರ ಗತಿಯೇನು? ಗೋಕಾಕ ತಾಲೂಕಿನ ಮಮದಾಪುರದಿಂದ ರವಿವಾರ ಬೆಳಗಾವಿಗೆ ನೀಟ್ ಪರೀಕ್ಷೆಗೆಂದು ಹೊರಟ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಹಳ್ಳಿಯಿಂದ ಗೋಕಾಕಕ್ಕೆ ಒಂದು ಬಸ್ಸು, ಗೋಕಾಕದಿಂದ ಬೆಳಗಾವಿಗೆ ಇನ್ನೊಂದು, ಬೆಳಗಾವಿಯ ಕೇಂದ್ರ ನಿಲ್ದಾಣದಿಂದ ಪರೀಕ್ಷೆಯ ಬಡಾವಣೆಗೆ ನಗರಸಾರಿಗೆಯ ಮೂರನೆಯದು. ಲೆಕ್ಕಕ್ಕೆಂದು ಕೆಲಸದ ದಿನದ ಅಂತರಗಳನ್ನು ೩೦, ೨೦, ೧೦ ನಿಮಿಷವೆಂದೂ ರವಿವಾರದವನ್ನು ೬೦, ೩೦, ೩೦ ಎಂದೂ ಹಿಡಿಯೋಣ. ಕೆಲಸದ ದಿನ ಅವಳು ಕಾಯುವ ಸರಾಸರಿ ಹೊತ್ತು ಅರ್ಧ ಗಂಟೆ. ರವಿವಾರ ಒಂದು ಗಂಟೆ. ಆದರೆ ಪರೀಕ್ಷೆಗೆ ಹೋಗುವವರು ಸರಾಸರಿಯನ್ನು ನಂಬಿ ಹೊರಡುವಂತಿಲ್ಲ. ಮಧ್ಯಾಹ್ನ ಒಂದೂವರೆಗೆ ಪರೀಕ್ಷಾಕೇಂದ್ರದ ಬಾಗಿಲು ಮುಚ್ಚಿದರೆ ಮುಚ್ಚಿದಂತೆಯೇ. ಎಲ್ಲ ಬಸ್ಸುಗಳೂ ಕಣ್ಣೆದುರಿಗೇ ಹೋಗಿಬಿಟ್ಟಾವೆಂದು ಅಂಜಿ ಅವಳು ಕಾಯುವುದಕ್ಕೆಂದೇ ಎರಡು ಗಂಟೆಗಳನ್ನು ಎತ್ತಿಡಬೇಕು. ಕೆಲಸದ ದಿನವಾಗಿದ್ದರೆ ಒಂದು ಗಂಟೆ ಸಾಕಿತ್ತು. ಇದರಲ್ಲಿ ಬಸ್ಸಿನೊಳಗಿನ ಪ್ರಯಾಣದ ಹೊತ್ತು ಸೇರಿಲ್ಲ.

ಹಳ್ಳಿಯಲ್ಲಿ ರಾತ್ರಿ ತಂಗಿ ನಸುಕಿನಲ್ಲಿ ಹೊರಡುವ ವಸ್ತಿ ಬಸ್ಸು ಇರುವ ಊರಿನವರು ಪುಣ್ಯವಂತರು. ಇಲ್ಲದ ಊರಿನವರು ಟಂಟಂ ಹಿಡಿಯಬೇಕು, ಇಲ್ಲವೆ ಹಿಂದಿನ ದಿನವೇ ಬೆಳಗಾವಿಗೆ ಬಂದು ನೆಂಟರ ಮನೆಯನ್ನು ಹುಡುಕಬೇಕು. ಮನೆಯಲ್ಲಿ ಮೋಟಾರುಸೈಕಲ್ಲು ಇದ್ದವರಿಗೆ ಈ ಗಣಿತದ ಹಂಗಿಲ್ಲ. ರವಿವಾರದ ಬಿರುಕು ಎಲ್ಲರ ಮೇಲೆ ಒಂದೇ ಸಮನಾಗಿ ಬೀಳುವುದಿಲ್ಲವೆಂಬುದು ನಮಗೆ ಎಲ್ಲಕ್ಕಿಂತ ಗಂಭೀರವಾಗಿ ತೋರುವ ಸಂಗತಿ. ಇಬ್ಬರು ಹುಡುಗಿಯರು ಒಂದೇ ಪ್ರಶ್ನೆಪತ್ರಿಕೆಯನ್ನು ಬಿಡಿಸುತ್ತಾರೆ. ಒಬ್ಬಳು ನಿದ್ದೆ ಮಾಡಿ ಬಂದಿರುತ್ತಾಳೆ, ಇನ್ನೊಬ್ಬಳು ನಸುಕಿನ ನಾಲ್ಕಕ್ಕೆ ಎದ್ದಿರುತ್ತಾಳೆ.

ಇಷ್ಟೆಲ್ಲ ಹೇಳಿದ ಮೇಲೆ ಘಟಕದವರ ಕಷ್ಟವನ್ನೂ ನೋಡದಿದ್ದರೆ ಅನ್ಯಾಯವಾದೀತು. ೧೯೬೧ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ಚಾಲಕ ನಿರ್ವಾಹಕರಿಗೆ ವಾರದಲ್ಲಿ ೪೮ ಗಂಟೆಗಳ ಕೆಲಸವನ್ನೂ ಒಂದು ದಿನದ ಬಿಡುವನ್ನೂ ಗೊತ್ತುಪಡಿಸಿತು. ಆ ಬಿಡುವನ್ನು ಯಾರೂ ಕಸಿಯುವಂತಿಲ್ಲ, ಕಸಿಯಲೂಬಾರದು. ದಿನಕ್ಕೆ ೬೦ ಅನುಸೂಚಿಗಳನ್ನು ವಾರದ ಏಳೂ ದಿನ ನಡೆಸಬೇಕಾದ ಘಟಕಕ್ಕೆ ಒಬ್ಬೊಬ್ಬರು ಆರು ದಿನ ದುಡಿದರೆ ೭೦ ಜೋಡಿ ಚಾಲಕ ನಿರ್ವಾಹಕರು ಬೇಕು. ಇರುವುದು ೬೬ ಜೋಡಿ ಮಾತ್ರ ಎಂದಿಟ್ಟುಕೊಳ್ಳಿರಿ. ವಾರಕ್ಕೆ ಅವರಿಂದ ದೊರೆಯುವ ಪಾಳಿಗಳು ೩೯೬. ಸೋಮವಾರದಿಂದ ಶನಿವಾರದವರೆಗೆ ಯಾವ ಬಸ್ಸನ್ನೂ ನಿಲ್ಲಿಸದೆ ನಡೆಸಿದರೆ ೩೬೦ ಪಾಳಿಗಳು ಮುಗಿಯುತ್ತವೆ. ರವಿವಾರಕ್ಕೆ ಉಳಿದದ್ದು ೩೬. ನೂರಕ್ಕೆ ಆರರಷ್ಟೂ ಇಲ್ಲದ ಸಿಬ್ಬಂದಿಯ ಕೊರತೆಯು ರವಿವಾರದ ತಲೆಯ ಮೇಲೆ ಒಟ್ಟಾಗಿ ಬಿದ್ದು ನೂರಕ್ಕೆ ನಲವತ್ತು ಬಸ್ಸುಗಳನ್ನು ನುಂಗಿಬಿಡುತ್ತದೆ! ಒಂದೊಂದೂ ದಿನಕ್ಕೆ ಮೂರು ನಾಲ್ಕು ಬಸ್ಸುಗಳಂತೆ ಹಂಚಿದ್ದರೆ ಯಾರ ಗಮನಕ್ಕೂ ಬಾರದ ಕೊರತೆ ಇದು. ಇದರೊಂದಿಗೆ ಕಾರ್ಯಾಗಾರದವರು ಬ್ರೇಕು, ಎಂಜಿನ್ನುಗಳ ಪರೀಕ್ಷೆಗೆ ಬಸ್ಸನ್ನು ಕೇಳುವುದೂ ಜನ ಕಡಿಮೆಯಿರುವ ದಿನವೇ. ದೀಪಾವಳಿ, ದಸರೆಗಳಲ್ಲಿ ದೂರದ ಊರುಗಳಿಗೆ ವಿಶೇಷ ಬಸ್ಸುಗಳು ಹೊರಡುತ್ತವೆ. ಚುನಾವಣೆ ಬಂದರೆ ಮತಗಟ್ಟೆಯ ಸಿಬ್ಬಂದಿಯನ್ನು ಒಯ್ಯಲು ಬಸ್ಸುಗಳು ಬೇಕಾಗುತ್ತವೆ.

ಪರಿಹಾರಗಳೆಲ್ಲ ದುಬಾರಿಯಾದವಲ್ಲ. ಬೆಂಗಳೂರಿನ ಮೆಟ್ರೋ ರೈಲು ೨೦೨೫ರ ಜನವರಿ ೧೩ರಿಂದ ಸೋಮವಾರಗಳಂದು ಮಾತ್ರ ಬೆಳಗ್ಗೆ ನಾಲ್ಕೂಕಾಲಕ್ಕೆ ಹೊರಡತೊಡಗಿತು. ಉಳಿದ ಕೆಲಸದ ದಿನಗಳಲ್ಲಿ ಐದಕ್ಕೆ, ಭಾನುವಾರ ಏಳಕ್ಕೆ. ವಾರದ ಕೊನೆಗೆ ಊರಿಗೆ ಹೋದವರು ರವಿವಾರ ರಾತ್ರಿಯ ರೈಲು ಬಸ್ಸುಗಳಲ್ಲಿ ಹೊರಟು ಸೋಮವಾರ ನಸುಕಿನಲ್ಲಿ ಬೆಂಗಳೂರನ್ನು ಮುಟ್ಟುತ್ತಾರೆಂಬುದನ್ನು ಗಮನಿಸಿ ಮಾಡಿದ ಬದಲಾವಣೆ ಅದು. ರಾತ್ರಿ ಘಟಪ್ರಭಾ ನಿಲ್ದಾಣದಲ್ಲಿ ರೈಲನ್ನು ಹತ್ತುವ ನಮ್ಮ ಕಡೆಯ ಹುಡುಗರೂ ಆ ಲೆಕ್ಕದೊಳಗಿನವರೇ. ವಾರದ ಏಳು ದಿನಗಳಿಗೂ ಅದರದರ ಸ್ವಭಾವವುಂಟು, 'ರಜೆ' ಮತ್ತು 'ಕೆಲಸ' ಎಂಬ ಎರಡೇ ಕಪಾಟುಗಳಲ್ಲಿ ಅವನ್ನು ತುಂಬಲಾಗದು ಎಂಬ ಅರಿವು ಇದರಲ್ಲಿದೆ.

ಸ್ವಿಟ್ಜರ್‌ಲೆಂಡಿನವರು ೧೯೮೨ರಲ್ಲಿ ಇನ್ನೊಂದು ಮಾರ್ಗವನ್ನು ಹಿಡಿದರು. ರೈಲುಗಳು ಗಂಟೆಗಂಟೆಗೂ ಅದೇ ನಿಮಿಷಕ್ಕೆ ಹೊರಡಬೇಕು, ರೈಲು ಬಂದೊಡನೆ ಹಳ್ಳಿಗೆ ಹೋಗುವ ಬಸ್ಸು ಸಿದ್ಧವಾಗಿ ನಿಂತಿರಬೇಕು ಎಂಬುದು ಅಲ್ಲಿಯ ವೇಳಾಪಟ್ಟಿಯ ತತ್ತ್ವ. ಅಂತರವು ಹತ್ತು ಹನ್ನೆರಡು ನಿಮಿಷಗಳನ್ನು ಮೀರಿದರೆ ಜನರು ಬಂದು ಕಾಯುವುದನ್ನು ಬಿಟ್ಟು ಗಡಿಯಾರವನ್ನು ನೋಡಿ ಮನೆಯಿಂದ ಹೊರಡುತ್ತಾರೆ. ಆದುದರಿಂದ ಬಸ್ಸು ವಿರಳವಾದಷ್ಟೂ ಅದರ ಸಮಯವು ಖಚಿತವಾಗಿರಬೇಕು, ಫಲಕದ ಮೇಲೆ ಬರೆದಿರಬೇಕು. ನಮ್ಮಲ್ಲಿ ರವಿವಾರಕ್ಕೆಂದೇ ಬೇರೆ ವೇಳಾಪಟ್ಟಿಯನ್ನು ಬರೆದು ತೂಗುಹಾಕಿದ ನಿಲ್ದಾಣಗಳು ಅಪರೂಪ. ಮಮದಾಪುರದ ಹುಡುಗಿಗೆ ಹಳ್ಳಿಯ ಬಸ್ಸು ಗೋಕಾಕವನ್ನು ಎಷ್ಟಕ್ಕೆ ಮುಟ್ಟುತ್ತದೆ, ಬೆಳಗಾವಿಯದು ಎಷ್ಟಕ್ಕೆ ಬಿಡುತ್ತದೆ ಎಂಬುದು ಹಿಂದಿನ ದಿನವೇ ಖಚಿತವಾಗಿ ತಿಳಿದಿದ್ದರೆ, ಆ ಎರಡರ ನಡುವೆ ಹತ್ತೇ ನಿಮಿಷವಿದ್ದರೆ, ಗಂಟೆಗೊಂದೇ ಬಸ್ಸಿದ್ದರೂ ಅವಳು ಎರಡು ಗಂಟೆಗಳನ್ನು ಎತ್ತಿಡಬೇಕಾಗಿಲ್ಲ.

ಓದುಗರಲ್ಲಿ ಆಸಕ್ತಿಯುಳ್ಳವರು ಇದನ್ನು ತಾವೇ ಅಳೆದು ನೋಡಬಹುದು. ನಿಮ್ಮ ಊರಿನ ಒಂದು ನಿಲ್ದಾಣವನ್ನೂ ಒಂದು ಮಾರ್ಗವನ್ನೂ ಆರಿಸಿಕೊಂಡು, ಬುಧವಾರ ಎರಡು ಗಂಟೆ, ರವಿವಾರ ಅದೇ ಎರಡು ಗಂಟೆ ಕುಳಿತು ಪ್ರತಿಯೊಂದು ಬಸ್ಸು ಬಂದ ನಿಮಿಷವನ್ನು ಬರೆದುಕೊಳ್ಳಿರಿ. ಒಬ್ಬರೇ ಕೂರುವುದು ಬೇಸರವೆನಿಸಿದರೆ ಇಬ್ಬರು ಸರದಿಯಂತೆ ಕೂರಬಹುದು. ಒಂದೊಂದು ಅಂತರವನ್ನೂ ವರ್ಗಮಾಡಿ, ವರ್ಗಗಳನ್ನೆಲ್ಲ ಕೂಡಿಸಿ, ಆ ಮೊತ್ತವನ್ನು ಅಂತರಗಳ ಮೊತ್ತದ ಇಮ್ಮಡಿಯಿಂದ ಭಾಗಿಸಿರಿ. ಮೇಲಿನ ಉದಾಹರಣೆಯಲ್ಲಿ ೧೬೦೦, ೧೦೦, ೧೦೦ನ್ನ ಕೂಡಿಸಿ ೧೨೦ರಿಂದ ಭಾಗಿಸಿದರೆ ೧೫ ಬರುವಂತೆ, ನಿಮಗೆ ದೊರೆಯುವುದು ಆ ದಿನ ಒಬ್ಬ ಪ್ರಯಾಣಿಕನು ಕಾದ ಸರಾಸರಿ ಹೊತ್ತು. ಬಳಿಕ ಅಷ್ಟೇ ಬಸ್ಸುಗಳು ಸಮಾನ ಅಂತರದಲ್ಲಿ ಬಂದಿದ್ದರೆ ಎಷ್ಟಾಗುತ್ತಿತ್ತೆಂಬುದನ್ನು ಪಕ್ಕದಲ್ಲಿ ಬರೆಯಿರಿ. ನಾಲ್ಕು ರವಿವಾರಗಳ ಇಂಥ ಪಟ್ಟಿಯೊಂದನ್ನು ದಿನಾಂಕ, ಮಾರ್ಗ, ನಿಲ್ದಾಣಗಳ ವಿವರದೊಡನೆ ಅಂದವಾಗಿ ಬರೆದು ನಿಮ್ಮ ಘಟಕ ವ್ಯವಸ್ಥಾಪಕರಿಗೆ ಕಳುಹಿಸಬಹುದು. ಹತ್ತಿದವರ ಲೆಕ್ಕ ಅವರ ಬಳಿ ಈಗಾಗಲೇ ಇದೆ. ಕಾದವರ ಲೆಕ್ಕವು ನಿಮ್ಮ ಪಟ್ಟಿಯಲ್ಲಿರುತ್ತದೆ.